ರಾಕ್ಷಸನ ಮುಖ ಬರೆಯುವ ಮೊದಲು

ಮಗಾ, ನೀನು ಸೇರುತ್ತಿರುವ ಬೆಂಗಳೂರಿನ ಕಂಪನಿ ಟಿವಿ ಧಾರಾವಾಹಿಗಳಿಗೆ ಗ್ರಾಫಿಕ್ಸ್ ಮಾಡಿಕೊಡುತ್ತದೆ, ನಿನ್ನ ಪಾಲಿಗೆ ಬರುವುದು ಹುಲಿ, ಹಾವು, ಬೆಂಕಿ, ರಾಕ್ಷಸ. ಅಷ್ಟು ಗೊತ್ತಾಯಿತು. ಸಂಬಳದ ವಿಚಾರ ನಿಮ್ಮಪ್ಪ ಮಾತಾಡಲಿ, ಪಿ.ಜಿ.ಯ ಊಟ ಹೇಗಿರುತ್ತದೋ ಅದನ್ನು ನಿಮ್ಮಜ್ಜಿ ವಿಚಾರಿಸಲಿ. ನನಗಿರುವುದು ಆ ರಾಕ್ಷಸನ ಚಿಂತೆ. ತಾಂಡವಪುರದಲ್ಲಿ ಕೂತು, ಸುತ್ತಮುತ್ತಲ ಮಕ್ಕಳಿಗೆ ಕತೆ ಹೇಳಿಯೇ ಸಂಬಳ ತಿಂದ ಮೇಷ್ಟ್ರು ನಾನು. ಆ ಒಂದು ಅಧಿಕಾರದ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಕಿವಿಯಲ್ಲಿರೋದನ್ನ ತೆಗೆದಿಟ್ಟು ಕೇಳು.

ಹೋದ ದೀಪಾವಳಿಗೆ ಬಂದಾಗ ನೀನು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆಯಲ್ಲ, ಆ ಜರ್ಮನ್ ಕತೆಯಿಂದಲೇ ಹಿಡಿಯೋಣ. ಉಲಿ ಎಡೆಲ್ ಎಂಬುವನು 2004ರಲ್ಲಿ ಟಿವಿಗೆಂದೇ ಮಾಡಿದ ಚಿತ್ರ, ಇಂಗ್ಲಿಷಿನಲ್ಲಿ ‘ಡಾರ್ಕ್ ಕಿಂಗ್‌ಡಮ್: ದಿ ಡ್ರ್ಯಾಗನ್ ಕಿಂಗ್’ ಅಂತ ಹೆಸರು. ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗ ಸೀಗ್‌ಫ್ರೀಡ್, ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣದಲ್ಲಿ ಕತ್ತಿ ಬಡಿದುಕೊಂಡು ಫಾಫ್ನಿರ್ ಎಂಬ ಡ್ರ್ಯಾಗನ್ನನ್ನು ಕೊಲ್ಲುತ್ತಾನೆ. ಅದರ ರಕ್ತದಲ್ಲಿ ಮಿಂದು ಅವನ ಮೈ ವಜ್ರವಾಗುತ್ತದೆ. ಬೆನ್ನಿಗೆ ಒಂದು ಎಲೆ ಅಂಟಿಕೊಂಡ ಜಾಗ ಮಾತ್ರ ಬರೀ ಚರ್ಮವಾಗಿಯೇ ಉಳಿಯುತ್ತದೆ. ನೀನು ಡ್ರ್ಯಾಗನ್ ಬಂದ ಜಾಗದಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇಪ್ಪತ್ತು ವರ್ಷ ಹಳೆಯ ಗ್ರಾಫಿಕ್ಸ್ ಎಂದು ನಕ್ಕೆ. ಆಮೇಲೆ ಮೊಬೈಲ್ ನೋಡುತ್ತಾ ಕೂತೆ. ಡ್ರ್ಯಾಗನ್ ಸತ್ತ ಮೇಲೂ ಚಿತ್ರ ಬಹಳ ಉಳಿದಿತ್ತು, ಅದನ್ನು ನಾನೊಬ್ಬನೇ ನೋಡಿದೆ. ನಿಮ್ಮಜ್ಜಿ ನಿದ್ದೆ ಮಾಡಿದ್ದಳು.

ಆ ಉಳಿದ ಭಾಗದಲ್ಲಿಯೇ ಕತೆ ಇರುವುದು ಕಣಪ್ಪ. ಅದಕ್ಕೆ ಮೂಲವಾದ ಕಾವ್ಯಗಳಲ್ಲಿ ದೊಡ್ಡದು ‘ನಿಬೆಲುಂಗೆನ್‌ಲೀಡ್’. ಸುಮಾರು 1200ನೇ ಇಸವಿಯ ಹೊತ್ತಿನದು, 39 ಅಧ್ಯಾಯ, 2,300ಕ್ಕೂ ಹೆಚ್ಚು ಪದ್ಯ. ಇಷ್ಟು ದೊಡ್ಡ ಕಾವ್ಯದಲ್ಲಿ ಡ್ರ್ಯಾಗನ್ ವಧೆಗೆ ಸಿಕ್ಕಿರುವ ಜಾಗ ಎಷ್ಟು ಅಂದುಕೊಂಡೆ? ಆಸ್ಥಾನಕ್ಕೆ ಹೊಸಬನೊಬ್ಬ ಬಂದಾಗ, ಹಾಗನ್ ಎಂಬ ಸರದಾರ ಕಿಟಕಿಯಿಂದ ನೋಡಿ, ‘ಇವನು ಇಂಥವನು, ಒಂದು ಡ್ರ್ಯಾಗನ್ನನ್ನೂ ಕೊಂದಿದ್ದಾನೆ’ ಎಂಬ ಅರ್ಥದಲ್ಲಿ ಒಂದು ಪದ್ಯದಷ್ಟು ಹೇಳಿ ಮುಗಿಸುತ್ತಾನೆ. ಮುಂದೆ ಎಲೆ ಅಂಟಿದ ಗುಟ್ಟು ಹೊರಬೀಳುವಾಗ ಇನ್ನೊಂದು ಸಲ ಸುದ್ದಿ ಬರುತ್ತದೆ, ಅಷ್ಟೇ. ಮಿಕ್ಕಿದ್ದೆಲ್ಲ ಮನುಷ್ಯರ ಕತೆ. ಗೆಳೆಯನಿಗಾಗಿ ಸೀಗ್‌ಫ್ರೀಡ್ ಕಣ್ಣಿಗೆ ಕಾಣದಂತೆ ಮರೆಯಾಗಿ ನಿಂತು ಬ್ರುನ್‌ಹಿಲ್ಡ್ ಎಂಬ ರಾಣಿಯನ್ನು ಮೋಸದಿಂದ ಗೆದ್ದುಕೊಡುತ್ತಾನೆ. ಚರ್ಚಿನ ಬಾಗಿಲಲ್ಲಿ ಯಾರು ಮೊದಲು ಒಳಗೆ ಹೋಗಬೇಕು ಅಂತ ಆ ರಾಣಿ, ಸೀಗ್‌ಫ್ರೀಡನ ಹೆಂಡತಿ ಕ್ರೀಮ್‌ಹಿಲ್ಡ್ ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ನಮ್ಮೂರ ಹಬ್ಬದಲ್ಲಿ ಮೊದಲ ತೀರ್ಥ ಯಾವ ಮನೆಗೆ ಅಂತ ಎದ್ದು, ಕೊನೆಗೆ ಬೀಗತನವನ್ನೇ ಮುರಿಯುವ ಜಗಳ ಇರುತ್ತದಲ್ಲ, ಥೇಟ್ ಅದೇ. ಆ ಜಗಳದಲ್ಲಿ ಹಳೆಯ ಮೋಸ ಹೊರಬೀಳುತ್ತದೆ. ಹೆಂಡತಿ ಕ್ರೀಮ್‌ಹಿಲ್ಡ್ ಗಂಡನನ್ನು ಕಾಪಾಡಲಿ ಅಂತ ನಂಬಿ, ಆ ಎಲೆ ಅಂಟಿದ ಜಾಗ ಯಾವುದೆಂದು ಹಾಗನ್‌ಗೇ ತೋರಿಸಿಕೊಡುತ್ತಾಳೆ. ಅವನು ಅಲ್ಲಿಗೇ ಈಟಿ ಹಾಕುತ್ತಾನೆ. ಕಾವ್ಯದ ಇಡೀ ಎರಡನೆಯ ಅರ್ಧ ಆ ಹೆಂಗಸಿನ ಸೇಡು.

ಡ್ರ್ಯಾಗನ್ನಿನ ಹಿಂದಿನ ಕತೆಯೂ ನಿನಗೆ ಬೇಕು. ಅದು ಜರ್ಮನ್ ಕಾವ್ಯದಲ್ಲಿಲ್ಲ, ಐಸ್‌ಲ್ಯಾಂಡಿನಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ ‘ವೋಲ್ಸುಂಗ ಸಾಗಾ’ದಲ್ಲಿದೆ. ಫಾಫ್ನಿರ್ ಹುಟ್ಟಾ ಡ್ರ್ಯಾಗನ್ ಅಲ್ಲ. ಅಪ್ಪ, ತಮ್ಮ ಇದ್ದ ಮನೆಯ ಮಗ. ಬಂಗಾರದ ಆಸೆಗೆ ಹೆತ್ತ ಅಪ್ಪನನ್ನೇ ಕೊಂದು, ತಮ್ಮನಿಗೆ ಪಾಲು ಕೊಡದೆ, ಆ ಬಂಗಾರದ ಮೇಲೆ ಮಲಗಿ ಮಲಗಿ ಸರ್ಪವಾದವನು. ಹೂತಿಟ್ಟ ಕೊಪ್ಪರಿಗೆಯನ್ನು ಹಾವು ಕಾಯುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದು ನೀನೂ ಕೇಳಿದ್ದೀಯ. ಇಂಥ ಪ್ರಾಣಿಯನ್ನು ಕಂಪ್ಯೂಟರಿನಲ್ಲಿ ಕೂರಿಸುವವನಿಗೆ ಅದರ ಹಲ್ಲು ಎಷ್ಟುದ್ದ ಎಂಬುದರ ಜೊತೆಗೆ ಅದು ಯಾರ ಮಗ ಎಂಬುದೂ ಗೊತ್ತಿರಬೇಕು. ಗೊತ್ತಿದ್ದರೆ ಕಣ್ಣು ಬೇರೆ ಥರ ಬರೆಯುತ್ತೀಯ.

ಈಗ ನಮ್ಮ ಕಡೆಗೆ ಬಾ. ನಿನ್ನ ಕಂಪನಿಯವರು ಇವತ್ತಲ್ಲ ನಾಳೆ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಕತೆಗೆ ಕೈ ಹಾಕೇ ಹಾಕುತ್ತಾರೆ. 2018ರಲ್ಲಿ ಜೀ ಕನ್ನಡದಲ್ಲಿ ಮಹೇಶ್ ಸುಖಧರೆ ನಿರ್ದೇಶನದ ‘ಉಘೇ ಉಘೇ ಮಾದೇಶ್ವರ’ ಶುರುವಾದಾಗ ಈ ಕಡೆಯ ಹಳ್ಳಿಗಳಲ್ಲಿ ಆ ಹೊತ್ತಿಗೆ ಅಡುಗೆ ಮುಗಿಸಿಕೊಂಡು ಕೂರುವವರಿದ್ದರು. ರಾತ್ರಿಯೆಲ್ಲ ಕೂತು ಕೇಳುತ್ತಿದ್ದ ಕತೆ ಮನೆಯ ಗೋಡೆಗೇ ಬಂತಲ್ಲ ಎಂಬ ಸಂಭ್ರಮ. ಮಾದಪ್ಪ ನಮಗೆ ಬೆಟ್ಟದ ದೇವರಾಗುವ ಮೊದಲೇ ನೆರೆಯವನು. ಬೆಟ್ಟ ಹತ್ತುವ ಮುಂಚೆ ಅವನು ನಮ್ಮ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ, ಕಪಿಲೆಯ ದಡದಲ್ಲಿ ರಾಗಿ ಬೀಸಿದ ಅಂತ ಕತೆ. ಆಮೇಲೆ ಕುಂತೂರು ಮಠ, ಆಮೇಲೆ ಎಪ್ಪತ್ತೇಳು ಮಲೆ. ಗಮನಿಸು, ಕತೆಯ ನಾಯಕ ತೆರೆಗೆ ಬರುವುದು ಬೀಸುವ ಕಲ್ಲಿನ ಗೂಟ ಹಿಡಿದುಕೊಂಡು. ನಿನ್ನ ನಿರ್ದೇಶಕ ಅವನನ್ನು ಮಿಂಚು ಗುಡುಗಿನಲ್ಲಿ ಇಳಿಸು ಅನ್ನುತ್ತಾನೆ. ನೀನು ಕಲ್ಲಿನ ಸುತ್ತ ಬಿದ್ದ ಹಿಟ್ಟಿನಿಂದ ಶುರುಮಾಡೋಣ ಅಂತ ಒಂದು ಸಲವಾದರೂ ಹೇಳಿ ನೋಡು.

ಆ ಕತೆಯಲ್ಲಿ ರಾಕ್ಷಸನೂ ಇದ್ದಾನೆ, ಬಂಕಾಪುರಿಯ ಶ್ರವಣದೊರೆ. ದೇವಾನುದೇವತೆಗಳನ್ನೆಲ್ಲ ಸೆರೆ ಹಿಡಿದು ಊಳಿಗ ಮಾಡಿಸಿಕೊಳ್ಳುತ್ತಿದ್ದ ದೊರೆ. ಅವನೆದುರಿಗೆ ನಿಲ್ಲುವುದು ಜೋಳಿಗೆ ಹಾಕಿಕೊಂಡ ಒಬ್ಬ ಎಳೆಯ ಜಂಗಮ. ಈಗ ಯುದ್ಧ ಅಂತ ನಿನ್ನ ಬೆರಳು ಕೀಬೋರ್ಡಿನ ಮೇಲೆ ಓಡುತ್ತದೆ, ನಿಲ್ಲಿಸು. ಯುದ್ಧ ಇಲ್ಲ. ಮಾದಪ್ಪ ಕತ್ತಿ ಹಿರಿಯುವುದಿಲ್ಲ, ತ್ರಿಶೂಲ ಎಸೆಯುವುದಿಲ್ಲ. ಮೆಟ್ಟು ಮಾಡುವ ಹರಳಯ್ಯನ ಮನೆಗೆ ಹೋಗುತ್ತಾನೆ. ಅರಗಿನ ಪಾದುಕೆ ಮಾಡಿಸುತ್ತಾನೆ. ಲೋಕದಲ್ಲಿ ಯಾರ ಕಾಲಲ್ಲೂ ಇಲ್ಲದ ಪಾದುಕೆ ತನ್ನ ಕಾಲಿಗೇ ಬೇಕೆಂಬ ದೊರೆಯ ಹಮ್ಮು ಅವನನ್ನು ಅದರ ಮೇಲೆ ನಿಲ್ಲಿಸುತ್ತದೆ, ಅರಗು ಬಿಸಿಗೆ ಕರಗಿ ಕಾಲು ಹಿಡಿಯುತ್ತದೆ, ದೊರೆ ಉರಿದುಹೋಗುತ್ತಾನೆ. ವಿವರ ಮೇಳದಿಂದ ಮೇಳಕ್ಕೆ ಬೇರೆಯಾಗುತ್ತದೆ, ಮಾದಪ್ಪನ ಕತೆ ಹಾಡುವ ಒಬ್ಬ ಗುಡ್ಡಪ್ಪ ಒಂದು ಗಂಟೆ ಹಾಡುವುದನ್ನು ಇನ್ನೊಬ್ಬ ಗಳಿಗೆಯಲ್ಲಿ ಮುಗಿಸುತ್ತಾನೆ. ಆದರೆ ದೊರೆಯನ್ನು ಕೊಲ್ಲುವುದು ಪಾದುಕೆಯೇ.

ಇಲ್ಲಿ ಸ್ವಲ್ಪ ನಿಲ್ಲು ಮಗಾ. ದೇವರುಗಳೇ ಸೆರೆಯಲ್ಲಿ ಕೂತಿರುವಾಗ, ಅವರನ್ನು ಬಿಡಿಸುವ ಆಯುಧ ತಯಾರಾಗುವುದು ಊರಾಚೆಯ ಚರ್ಮದ ಕೆಲಸದವನ ಗುಡಿಸಲಿನಲ್ಲಿ. ಈ ಕತೆ ಕಟ್ಟಿದವರು ಯಾರು, ಯಾಕೆ ಹೀಗೆ ಕಟ್ಟಿದರು ಅಂತ ನಾನು ವಿವರಿಸಬೇಕಾಗಿಲ್ಲ. ಹರಳಯ್ಯ ಅನ್ನುವ ಹೆಸರೇ ಕಲ್ಯಾಣದ ಶರಣ ಹರಳಯ್ಯನನ್ನು ಕರೆತರುತ್ತದೆ, ತೊಡೆಯ ಚರ್ಮದಲ್ಲಿ ಬಸವಣ್ಣನಿಗೆ ಚಮ್ಮಾವುಗೆ ಮಾಡಿದವನನ್ನು. ಟಿವಿಯ ಲೆಕ್ಕದಲ್ಲಿ ಈ ಜಾಗ ಬಲು ಸಪ್ಪೆ. ಗದೆ ಇಲ್ಲ, ಹಾರಾಟ ಇಲ್ಲ, ಫೈಟ್ ಎಲ್ಲಿ ಎಂದು ಕೇಳುತ್ತಾರೆ. ಆಗ ನಿನ್ನ ವಿದ್ಯೆ ತೋರಿಸು. ಒಲೆಯ ಮೇಲೆ ಮಡಕೆಯಲ್ಲಿ ಅರಗು ಕರಗುತ್ತಿರಲಿ. ಪಕ್ಕದಲ್ಲಿ ರಂಪಿಗೆ, ದಬ್ಬಳ, ಉಳಿ ಬಿದ್ದಿರಲಿ. ಹರಳಯ್ಯನ ಹೆಬ್ಬೆರಳಿನ ಉಗುರು ಕೆಲಸ ಮಾಡಿ ಮಾಡಿ ಕಪ್ಪಾಗಿರಲಿ. ಅವನು ಅರಗನ್ನು ಒತ್ತಿ ಅಚ್ಚಿಗೆ ಕೂರಿಸುವಾಗ ದೊರೆಯ ಪಾದದ ಅಳತೆ ಅವನ ಕಣ್ಣಲ್ಲಿರಲಿ. ಜರ್ಮನಿಯವರಿಗೆ ಉಲ್ಕೆಯ ಕತ್ತಿ ಬಡಿಯುವುದನ್ನು ಅಷ್ಟು ಹೊತ್ತು ತೋರಿಸಲು ಬರುತ್ತದೆ, ನಮಗೆ ಪಾದುಕೆ ಮಾಡುವುದನ್ನು ತೋರಿಸಲು ನಾಚಿಕೆ ಯಾಕೆ? ಡ್ರ್ಯಾಗನ್ನಿಗೆ ಸುರಿಯುವ ದುಡ್ಡಿನ ಹತ್ತರಲ್ಲಿ ಒಂದು ಪಾಲಿನಲ್ಲಿ ಮುಗಿಯುವ ಕೆಲಸ ಅದು.

ಕತ್ತಿ ಬಡಿಯುವ ಮಾತು ಬಂದಾಗ ಇನ್ನೊಂದು ನೆನಪಾಯಿತು. ಸೀಗ್‌ಫ್ರೀಡ್ ಕಮ್ಮಾರನ ಮನೆಯಲ್ಲಿ ಬೆಳೆದು ಕತ್ತಿ ಮಾಡಿಕೊಂಡ. ನಮ್ಮ ಮಂಟೇಸ್ವಾಮಿ ಕಾವ್ಯದ ಸಿದ್ದಪ್ಪಾಜಿಯೂ ಪಾಂಚಾಳರ ಮನೆಯ ಹುಡುಗ. ಅವನು ಕಬ್ಬಿಣದ ಭಿಕ್ಷೆ ಬೇಡಿಕೊಂಡು ಹಲಗೂರಿಗೆ ಹೋಗುತ್ತಾನೆ, ತನ್ನ ಕಸುಬಿನವರಿಂದಲೇ ಪಡಬಾರದ ಪಾಡು ಪಡುತ್ತಾನೆ. ಈ ಕಾವ್ಯ ಹಾಡುವ ನೀಲಗಾರರು ತಂಬೂರಿ ಮೀಟಿಕೊಂಡು ಆ ಭಾಗ ಹಾಡುವಾಗ ಮುದುಕಿಯರು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ಕಾಲದಲ್ಲಿ ಟೀ ಅಂಗಡಿಗಳಲ್ಲೂ ಇದನ್ನು ಹಾಕುತ್ತಿದ್ದರು. ಚಿಕ್ಕಲ್ಲೂರು ಜಾತ್ರೆಗೆ ಒಂದು ಸಲ ನಿನ್ನನ್ನು ಕರೆದುಕೊಂಡು ಹೋಗಬೇಕು, ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹಚ್ಚುತ್ತಾರೆ. ಅದರ ಬೆಳಕನ್ನು ಯಾವ ಸಾಫ್ಟ್‌ವೇರಿನಲ್ಲಿ ತರುತ್ತೀಯೋ ನೋಡೋಣ.

ಪ್ರಾಣಿಯ ಮಾತಿಗೆ ಬರುತ್ತೇನೆ. ಜರ್ಮನಿಯವರ ನಾಯಕ ಪ್ರಾಣಿಯನ್ನು ಕೊಂದು ದೊಡ್ಡವನಾದ. ನಮ್ಮ ಮಾದಪ್ಪ ಹುಲಿಯ ಬೆನ್ನ ಮೇಲೆ ಕೂತ, ಹಾವನ್ನು ಬೆತ್ತ ಮಾಡಿಕೊಂಡು ಕೈಯಲ್ಲಿ ಹಿಡಿದ. ಬೆಟ್ಟದಲ್ಲಿ 2023ರಲ್ಲಿ ಅನಾವರಣ ಮಾಡಿದ 108 ಅಡಿಯ ಪ್ರತಿಮೆಯಲ್ಲೂ ಅವನು ಕೂತಿರುವುದು ಹುಲಿಯ ಮೇಲೆಯೇ. ಅದೇ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷ ತಿಂದು ಸತ್ತು ಬಿದ್ದಿದ್ದವು. ಹಸು ಕಳೆದುಕೊಂಡ ಸಿಟ್ಟಿಗೆ, ಹುಲಿ ಹೊಡೆದ ಹಸುವಿನ ಮೈಗೇ ವಿಷ ಬೆರೆಸಿದ್ದರು. ಹಸು ಹೋದವನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ, ಹಸು ಸಾಕಿದವನಿಗೆ ಅರ್ಥವಾಗದೆ ಇರುತ್ತದೆಯೇ? ಆದರೂ ಆ ಕಾಡಿನ ಜನ ತಲೆತಲಾಂತರದಿಂದ ಹುಲಿಯನ್ನು ‘ಮಾದಪ್ಪನ ನಾಯಿ’ ಅನ್ನುವಷ್ಟು ಸಲಿಗೆಯಿಂದ ಕಂಡವರು. ನೀನು ತೆರೆಯ ಮೇಲೆ ಬಿಡಿಸುವ ಹುಲಿ ಬರೀ ಘರ್ಜನೆ ಮಾಡಿ ಕೋರೆ ತೋರಿಸುತ್ತಿದ್ದರೆ, ನೋಡುವ ಮಗುವಿನ ಮನಸ್ಸಿಗೆ ಅದು ಕೊಲ್ಲತಕ್ಕ ಪ್ರಾಣಿಯಾಗಿಯೇ ಇಳಿಯುತ್ತದೆ. ಹೊರೆ ಹೊತ್ತ ಪ್ರಾಣಿಯ ನಡಿಗೆ ಕೊಡು ಅದಕ್ಕೆ. ಭುಜ ಇಳಿದು ಏಳುವುದನ್ನು ನಿಧಾನವಾಗಿ ತೋರಿಸು.

ಹೆಂಗಸರ ವಿಚಾರದಲ್ಲಿ ಜಾಸ್ತಿ ಹೇಳುವುದಿಲ್ಲ, ನಿನಗೂ ತಂಗಿ ಇದ್ದಾಳೆ. ಬ್ರುನ್‌ಹಿಲ್ಡ್‌ಗೆ ಆದ ಮೋಸ ಕಾವ್ಯಕ್ಕೆ ಗೊತ್ತು, ಕಾವ್ಯ ಅದನ್ನು ಮರೆಯುವುದಿಲ್ಲ, ಸರ್ವನಾಶವಾಗುವವರೆಗೂ ಅದರ ಹಿಂದೆ ಹೋಗುತ್ತದೆ. ನಮ್ಮ ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲು ಅನ್ನುವ ಭಾಗದಲ್ಲಿ ಗಂಡ ನೀಲಯ್ಯ ಜೇನು ಕುಯ್ಯಲು ಹೋಗುವ ಮುಂಚೆ ಬಲಗೈ ಭಾಷೆ ಕೊಟ್ಟು ಹೋಗೋಕೆ ಬಿಡು ಅಂತ ಪೀಡಿಸುತ್ತಾನೆ, ಕೊಡದಿದ್ದಕ್ಕೆ ಹಿಂಸೆ ಕೊಟ್ಟು ಕಾಡಲ್ಲಿ ಬಿಟ್ಟು ಹೋಗುತ್ತಾನೆ. ಆ ಸಾಲು ಹಾಡುವಾಗ ಗುಡ್ಡಪ್ಪನ ಗಂಟಲೇ ಬದಲಾಗುತ್ತದೆ. ಧಾರಾವಾಹಿಯವರು ಅವಳ ಕಣ್ಣೀರನ್ನು ಹತ್ತು ಕಂತು ಎಳೆಯಲು ಹೇಳಿದರೆ, ಅವಳು ಭಾಷೆ ಕೊಡಲು ಒಪ್ಪದೆ ನಿಂತ ಆ ಒಂದು ಗಳಿಗೆಗೆ ಬೆಳಕು ಹಾಕು. ಸಾಕು.

ಇನ್ನು ರಾಕ್ಷಸನ ಮುಖ. ಇದಕ್ಕಾಗಿಯೇ ಇಷ್ಟು ದೂರ ಬಂದಿದ್ದು.

ಮುಖ ಬರೆಯುವುದು ಸಣ್ಣ ಕೆಲಸ ಅಂದುಕೊಳ್ಳಬೇಡ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೇವಸ್ಥಾನದ ಕಡೆಯಿಂದ ಪ್ರತಿವರ್ಷ ಅಂಧಕಾಸುರ ಸಂಹಾರ ನಡೆಯುತ್ತದೆ, ರಾಕ್ಷಸ ಮಂಟಪದ ಹತ್ತಿರ. ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಅಸುರನನ್ನು ಬಿಡಿಸುತ್ತಾರೆ, ಉತ್ಸವಮೂರ್ತಿ ಹೊತ್ತವರು ಅದರ ಮೇಲೆ ಕಾಲಿಟ್ಟು ಅಳಿಸುತ್ತಾರೆ. 2023ರ ಡಿಸೆಂಬರಿನಲ್ಲಿ, ಆ ಚಿತ್ರ ಮಹಿಷಾಸುರನದು, ತುಳಿಯಬೇಡಿ ಅಂತ ಕೆಲವು ಸಂಘಟನೆಯವರು ತಕರಾರು ತೆಗೆದರು. ಗದ್ದಲವಾಗಿ, ಉತ್ಸವದ ಮೇಲೆ ನೀರು ಎರಚಿದರು ಅಂತ ದೂರಾಗಿ, ಪೊಲೀಸ್ ಸ್ಟೇಷನ್ನಿನವರೆಗೆ ಹೋಯಿತು. ಮಹಿಷನನ್ನು ತಮ್ಮ ಹಿರೀಕ, ಈ ಸೀಮೆ ಆಳಿದ ದೊರೆ ಎಂದು ನಂಬಿ ಮೈಸೂರಿನಲ್ಲಿ ಮಹಿಷ ದಸರಾ ಮಾಡುವವರು ಇದ್ದಾರೆ. ಚಾಮುಂಡಿಯ ಭಕ್ತರಿಗೆ ಅದು ಸಹಿಸದ ಮಾತು. ಯಾರು ಸರಿ ಅಂತ ಪಂಚಾಯಿತಿ ಮಾಡಲು ನಿನ್ನನ್ನು ಕರೆದಿಲ್ಲ, ನನ್ನನ್ನೂ ಕರೆದಿಲ್ಲ. ನೆಲದ ಮೇಲೆ ಅರ್ಧ ದಿನ ಇದ್ದು ಅಳಿಸಿಹೋಗುವ ರಂಗೋಲಿಗೇ ಇಷ್ಟಾದರೆ, ಲಕ್ಷಾಂತರ ಮನೆಯಲ್ಲಿ ವಾರಕ್ಕೆ ಐದು ದಿನ ಕಾಣುವ ಮುಖದ ಕತೆ ಏನು ಅಂತ ಲೆಕ್ಕ ಹಾಕು.

ಜರ್ಮನಿಯವರು ಇಂಥ ಮುಖದ ವಿಚಾರಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ. 1924ರಲ್ಲಿ ಫ್ರಿಟ್ಸ್ ಲಾಂಗ್ ಇದೇ ಕತೆಯನ್ನು ಎರಡು ಭಾಗದ ಮೂಕಿ ಚಿತ್ರ ಮಾಡಿದ. ಡ್ರ್ಯಾಗನ್ನಿನ ಹೊಟ್ಟೆಯೊಳಗೆ ಆಳುಗಳು ನಿಂತು ಅದನ್ನು ಆಡಿಸುತ್ತಿದ್ದರು, ಸಿಕ್ಕರೆ ನೋಡು, ನಿನ್ನ ಕಸುಬಿನ ಮುತ್ತಾತಂದಿರು ಅವರು. ಅಷ್ಟು ಹೊತ್ತಿಗಾಗಲೇ ಆ ಕತೆ ರಾಜಕೀಯಕ್ಕೆ ಇಳಿದಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಸೇನಾಪತಿ ಹಿಂಡೆನ್‌ಬರ್ಗ್ 1920ರ ತನ್ನ ನೆನಪಿನ ಪುಸ್ತಕದಲ್ಲಿ, ಹಾಗನ್‌ನ ಈಟಿಗೆ ಬಿದ್ದ ಸೀಗ್‌ಫ್ರೀಡನಿಗೆ ತಮ್ಮ ಸೈನ್ಯವನ್ನು ಹೋಲಿಸಿದ್ದ. ರಣರಂಗದಲ್ಲಿ ಸೋತಿದ್ದನ್ನು ಒಪ್ಪದೆ, ಮನೆಯೊಳಗಿನವರೇ ಬೆನ್ನಿಗೆ ಇರಿದರು ಎಂಬ ಮಾತು ಊರೆಲ್ಲ ಹಬ್ಬಿತು. ಇರಿದವರು ಯಾರು ಎಂದು ಕೇಳಿದಾಗ ಬೆರಳು ಹೋದದ್ದು ಸಮಾಜವಾದಿಗಳ ಕಡೆಗೆ, ಯಹೂದಿಗಳ ಕಡೆಗೆ. ಮುಂದೆ ಆದದ್ದು ನಿನಗೆ ಪಠ್ಯಪುಸ್ತಕದಲ್ಲಿದೆ. 1943ರಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಸೈನ್ಯ ಸಾಯುತ್ತಿದ್ದಾಗಲೂ ನಾಜಿ ನಾಯಕ ಗೋರಿಂಗ್ ಭಾಷಣಕ್ಕೆ ಎಳೆದು ತಂದದ್ದು ಇದೇ ನಿಬೆಲುಂಗರ ಕತೆಯನ್ನು. ಹಳೆಯ ಕತೆ ತಪ್ಪು ಮಾಡಲಿಲ್ಲ ಮಗಾ. ಹಾಗನ್‌ನ ಮುಖದ ಜಾಗಕ್ಕೆ ಪಕ್ಕದ ಮನೆಯವನ ಮುಖ ಅಂಟಿಸಿದವರು ತಪ್ಪು ಮಾಡಿದರು.

ಆದ್ದರಿಂದ ರಾಕ್ಷಸನ ಮುಖಕ್ಕೆ ಕೂರುವಾಗ ಒಂದೆರಡು ನೇಮ ಇಟ್ಟುಕೊ. ಕಪ್ಪು ಬಣ್ಣ ಬಳಿದ ಕೂಡಲೇ ರಾಕ್ಷಸನಾದ ಎಂಬ ಸೋಮಾರಿತನ ಬೇಡ. ಈ ಸೀಮೆಯಲ್ಲಿ ಬಿಸಿಲಿಗೆ ದುಡಿಯುವ ಅರ್ಧ ಜನದ ಬಣ್ಣ ಅದು, ನಿಮ್ಮ ತಾತನ ಬಣ್ಣವೂ ಅದೇ. ದಪ್ಪ ತುಟಿ, ಗುಂಗುರು ಕೂದಲು, ಮೂಳೆಯ ಸರ ಇವುಗಳನ್ನು ಹಾಕುವ ಮುಂಚೆ ಇದು ಯಾವ ಕಾಡಿನ ಯಾವ ಜನದ ಹಾಗೆ ಕಾಣುತ್ತದೆ ಅಂತ ಯೋಚಿಸು. ಸೋಲಿಗರ ಹುಡುಗನೊಬ್ಬ ಆ ಧಾರಾವಾಹಿ ನೋಡುತ್ತಾ ಕೂತಿದ್ದಾನೆ ಅಂದುಕೊ. ದೊರೆಯ ದೌಲತ್ತು ತೋರಿಸಬೇಕಾದರೆ ಅವನ ಕೂರುವ ಠೀವಿಯಲ್ಲಿ ತೋರಿಸು, ಎದುರಿಗೆ ನಿಂತವರ ಕಡೆ ನೋಡದೆ ಮಾತಾಡುವ ರೀತಿಯಲ್ಲಿ ತೋರಿಸು. ಅಂಥವರು ನಮಗೆ ಕಚೇರಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ, ಅವರಿಗೆ ಕೋರೆಹಲ್ಲು ಇರುವುದಿಲ್ಲ.

ದಾರಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಕಾಡಂಚಿನ ಗಾಜನೂರಿನಿಂದ ಬಂದ ರಾಜ್‌ಕುಮಾರ್ 1959ರಲ್ಲಿ ‘ಮಹಿಷಾಸುರ ಮರ್ದಿನಿ’ ಚಿತ್ರದಲ್ಲಿ ಮಹಿಷಾಸುರ ಆದರು. 1983ರಲ್ಲಿ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ಆ ಎರಡನೆಯದನ್ನು ಈಗಲೂ ಹಾಕಿ ನೋಡು. ಮಗನನ್ನು ಕೊಲ್ಲಿಸಲು ಹೊರಟ ಅಸುರ ಅವನು. ಆದರೂ ಮಗ ಎದುರಿಗೆ ಬಂದು ನಿಂತಾಗ ಆ ದೊಡ್ಡ ಕಣ್ಣುಗಳಲ್ಲಿ ಒಂದು ಗಳಿಗೆ ಅಪ್ಪ ಕಾಣುತ್ತಾನೆ. ಕಂಡ ಮೇಲೆ ಅವನ ಕೋಪ ಇನ್ನೂ ಭಯಂಕರವಾಗುತ್ತದೆ. ಆ ಕಣ್ಣಿಗೆ ಗ್ರಾಫಿಕ್ಸ್ ಬೇಕಾಗಿರಲಿಲ್ಲ.

ಹಾಗಾದರೆ ಇದನ್ನೆಲ್ಲ ಎಲ್ಲಿ ಕಲಿಯಲಿ ಅಂತ ಕೇಳುತ್ತೀಯ. ಯೂಟ್ಯೂಬಿನಲ್ಲಿ ತುಣುಕು ತುಣುಕು ನೋಡಿ ಕಲಿತೆ ಅನ್ನಬೇಡ. ಒಂದು ಇಡೀ ರಾತ್ರಿ ಕೂತು ಕತೆ ಕೇಳು. ದೇವರ ಗುಡ್ಡರ ಕೈಯಲ್ಲಿರುವ ಕಂಸಾಳೆಯನ್ನು ಹತ್ತಿರದಿಂದ ನೋಡು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಪೋಣಿಸಿದ ಚಪ್ಪಟೆ ತಾಳ, ದಾರದ ತುದಿಗೆ ಗೊಂಡೆ. ಬಟ್ಟಲಿನ ಅಂಚು ಒಂದೇ ಕಡೆ ಸವೆದಿರುತ್ತದೆ. ಹಾಡುವಾಗ ಒಂದು ಹದಕ್ಕೆ ನುಡಿಸುತ್ತಾರೆ, ಕುಣಿಯುವಾಗ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಬೀಸುತ್ತಾರೆ. ಟಿವಿಯವರು ಬೀಸುವುದನ್ನಷ್ಟೇ ಹಿಡಿಯುತ್ತಾರೆ. ನೀನು ಹಾಡುವಾಗಿನ ಕೈ ನೋಡು. ರಾತ್ರಿ ಎರಡು ಗಂಟೆಗೆ ಕೇಳುವವರು ತೂಕಡಿಸುತ್ತಿದ್ದಾರೆ ಅಂತ ಕಂಡರೆ, ಗುಡ್ಡಪ್ಪ ಕತೆಯನ್ನು ನಿಲ್ಲಿಸಿ ಊರಗೌಡನನ್ನು ಒಂದು ಚೇಷ್ಟೆ ಮಾಡಿ ನಗಿಸಿ, ಮತ್ತೆ ಶ್ರವಣನ ಸೆರೆಮನೆಗೆ ಕರೆದುಕೊಂಡು ಹೋಗುತ್ತಾನೆ. ಕಂತು ಕಟ್ಟುವುದು ಅಂದರೆ ಅದು.

ಪುಸ್ತಕದಲ್ಲೂ ಇದೆ. ಪಿ.ಕೆ. ರಾಜಶೇಖರ ಅವರು ‘ಮಲೆಯ ಮಾದೇಶ್ವರ’ವನ್ನು ಸಂಗ್ರಹಿಸಿ 1973ರಲ್ಲಿ ತಂದರು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ್ದನ್ನು ಕೇಶವನ್ ಪ್ರಸಾದ್ ಅವರು ಬರೆದುಕೊಂಡದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂತು, ಆಮೇಲೆ ಸಾಹಿತ್ಯ ಅಕಾಡೆಮಿಯ ಮೂಲಕ ಇಂಗ್ಲಿಷಿಗೂ ಹೋಯಿತು. ನಿನ್ನ ಕಂಪನಿಯ ಮೇಜಿನ ಮೇಲೆ ಇವು ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ನೀನೇ ತರಿಸು. ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು. ಶ್ರವಣ ಇವುಗಳಲ್ಲಿ ಒಂದು ಸಾಲು ಮಾತ್ರ. ದೊರೆ ಸತ್ತ ಮೇಲೆ ಮಾದಪ್ಪನಿಗೆ ನಿಜವಾದ ಕೆಲಸ ಶುರುವಾಗುತ್ತದೆ, ಜಿಪುಣರ ಕೈಯಿಂದ ಭಿಕ್ಷೆ ಬಿಡಿಸುವುದು, ಗರ್ವದ ಮನೆಗಳ ಬಾಗಿಲು ತಟ್ಟುವುದು. ಆ ಜರ್ಮನ್ ಕಾವ್ಯದ ಹಾಗೇ ಇಲ್ಲೂ, ರಾಕ್ಷಸ ಹೋದ ಮೇಲೆ ಮನುಷ್ಯರು ಉಳಿಯುತ್ತಾರೆ.

ಕಡೆಯದಾಗಿ ದುಡ್ಡಿನ ಮಾತು. ನಿಬೆಲುಂಗೆನ್‌ಲೀಡ್ ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅದರ ಮೂರು ಹಸ್ತಪ್ರತಿಗಳನ್ನು 2009ರಲ್ಲಿ ಯುನೆಸ್ಕೊ ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು, ಕವಿಯ ಹೆಸರಿನ ಜಾಗ ಖಾಲಿಯಾಗಿಯೇ ಇದೆ. ಎಂಟುನೂರು ವರ್ಷದ ಹಿಂದಿನವರು ಬರೆದಿಡಲಿಲ್ಲ, ಆಯಿತು. ಕತೆ ಹೇಳುವವನು ಎದುರಿಗೇ ಕೂತು ಹಾಡುತ್ತಿರುವಾಗಲೂ ನಾವು ಅವನ ಹೆಸರು ಬಿಟ್ಟರೆ ಅದಕ್ಕೆ ಏನನ್ನುತ್ತೀಯ? ಗುಡ್ಡಪ್ಪನನ್ನು ಕರೆಸಿ, ಎರಡು ದಿನ ಕೂರಿಸಿ ಕತೆಯೆಲ್ಲ ರೆಕಾರ್ಡ್ ಮಾಡಿಕೊಂಡು, ಒಂದು ಶಾಲು, ಬಸ್ ಚಾರ್ಜು ಕೊಟ್ಟು ಕಳಿಸಿ, ತೆರೆಯ ಮೇಲೆ ‘ಜನಪದ ಕತೆ ಆಧಾರಿತ’ ಎಂದು ಹಾಕುವುದು ಈ ವ್ಯಾಪಾರದಲ್ಲಿ ನಡೆಯದ ಮಾತೇನಲ್ಲ. ಅಕ್ಕಿ ರಾಗಿ ಮೊರದಲ್ಲಿ ಕೊಡುತ್ತಿದ್ದ ಕಾಲದಲ್ಲೂ ನಮ್ಮ ಮನೆಗಳಲ್ಲಿ ಗುಡ್ಡಪ್ಪನ ಹೆಸರು, ಅವನ ಗುರುವಿನ ಹೆಸರು ಕೇಳಿಯೇ ಜಗುಲಿಗೆ ಕೂರಿಸುತ್ತಿದ್ದರು.

ನೀನು ಹೊಸಬ, ನಿನ್ನ ಮಾತು ಕೂಡಲೇ ನಡೆಯುವುದಿಲ್ಲ ಎನ್ನುವುದು ನನಗೂ ಗೊತ್ತು. ಮುಖ ಬದಲಾಯಿಸು ಎಂದರೆ ಬದಲಾಯಿಸಬೇಕಾಗುತ್ತದೆ, ಫೈಟ್ ಹಾಕು ಎಂದರೆ ಹಾಕಬೇಕಾಗುತ್ತದೆ. ಹರಳಯ್ಯನ ಗುಡಿಸಲಿನ ದೃಶ್ಯಕ್ಕಾಗಿ ಒಂದು ಸಲ ಕೇಳು, ಸಿಗದಿದ್ದರೆ ಇನ್ನೊಂದು ಕಂತಿನಲ್ಲಿ ಕೇಳು. ಆದರೆ ಹಾಡಿದವನ ಹೆಸರು, ಅವನ ಊರು, ಅವನಿಗೆ ಸಲ್ಲಬೇಕಾದ ದುಡ್ಡು, ಈ ಮೂರರಲ್ಲಿ ಮಾತ್ರ ರಾಜಿಯಾಗಬೇಡ. ಮಾದಪ್ಪನ ಕಂತು ಶುರುವಾಗುವ ದಿನ ನಾನು, ನಿಮ್ಮಜ್ಜಿ ಟಿವಿ ಮುಂದೆ ಕೂರುತ್ತೇವೆ. ಮೊದಲ ಕಾರ್ಡಿನಲ್ಲಿ ಆ ಹೆಸರು ಬರದಿದ್ದರೆ ಅಲ್ಲಿಗೇ ಆಫ್ ಮಾಡುತ್ತೇನೆ, ಗ್ರಾಫಿಕ್ಸ್ ನಿನ್ನದೇ ಆದರೂ ಸರಿ.